ಹೊಗೆ ಕಡಿಮೆಯಾದರೂ ಗಾಳಿ ಯಾಕೆ ಶುದ್ಧವಾಗಲಿಲ್ಲ?

ದೊಡ್ಡ ನಗರಗಳ ಹೊಗೆಮಂಜಿಗೆ ಕಾರಣ ಏನು ಅಂತ ಕೇಳಿ ನೋಡಿ. ಒಬ್ಬರು ವಾಹನ ಅನ್ನುತ್ತಾರೆ, ಇನ್ನೊಬ್ಬರು ಧೂಳು, ಮತ್ತೊಬ್ಬರು ಹೊಲಕ್ಕೆ ಹಚ್ಚುವ ಬೆಂಕಿ. ಮೂವರ ಮಾತಿನಲ್ಲೂ ಹುರುಳಿದೆ.

ಮೊದಲು ಇಷ್ಟು ಗೋಜಲಿರಲಿಲ್ಲ. ನೂರಾರು ವರ್ಷ ಕಲ್ಲಿದ್ದಲೇ ಮುಖ್ಯ ಕಾರಣ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದ ಹಾಗೆ ಕೂತಿತು, ಒಲೆಗಳ ಹೊಗೆ ಕೆಳಗೇ ಉಳಿಯಿತು. ಸುಮಾರು 4,000 ಜನ ಸತ್ತರು ಅಂತ ಆಗ ಲೆಕ್ಕ ಹಾಕಿದ್ದರು. ನಂತರದ ಅಂದಾಜು 12,000. 1956ರಲ್ಲಿ ಕಾಯ್ದೆ ಬಂತು, ಕಪ್ಪು ಹೊಗೆ ಮೆಲ್ಲಗೆ ಇಳಿಯಿತು.

ಲಾಸ್ ಏಂಜಲಿಸ್‌ನ ಕಥೆಯೇ ಬೇರೆ. ಅಲ್ಲಿ 1943ರ ಜುಲೈನಲ್ಲಿ ಜನರಿಗೆ ಕಣ್ಣುರಿ ಶುರುವಾಯಿತು. ಯುದ್ಧದ ಕಾಲ ಬೇರೆ, ಶತ್ರುಗಳು ವಿಷಾನಿಲ ಬಿಟ್ಟರೇನೋ ಅಂತ ಕೆಲವರು ಹೆದರಿದರು. ಅನುಮಾನ ಒಂದು ಕಾರ್ಖಾನೆಯ ಮೇಲೆ ಬಿತ್ತು. ಅದನ್ನು ನಿಲ್ಲಿಸಿದರೂ ಮಬ್ಬು ಹೋಗಲಿಲ್ಲ. ಕೊನೆಗೆ ಉತ್ತರ ಕೊಟ್ಟವರು ಅನಾನಸ್ ಹಣ್ಣಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದ ರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್. ವಾಹನ ಮತ್ತು ತೈಲ ಸಂಸ್ಕರಣಾ ಘಟಕಗಳಿಂದ ಬರುವ ಅನಿಲಗಳು ಬಿಸಿಲಿನಲ್ಲಿ ಸೇರಿ ಓಝೋನ್ ಅನ್ನುವ, ಉಸಿರಾಟಕ್ಕೆ ಕೆಟ್ಟದ್ದಾದ ಅನಿಲ ಆಗುತ್ತವೆ ಅಂತ 1950ರ ದಶಕದ ಆರಂಭದಲ್ಲಿ ತೋರಿಸಿದರು. ಬಗ್ಗಿಸಿಟ್ಟ ರಬ್ಬರ್ ಪಟ್ಟಿ ಆ ಗಾಳಿಗೆ ಬಿರುಕು ಬಿಡುತ್ತಿತ್ತು. ಎಷ್ಟು ಬೇಗ ಬಿರುಕು ಬಿಟ್ಟರೆ ಅಷ್ಟು ಜಾಸ್ತಿ ಓಝೋನ್.

ಇದು ದೊಡ್ಡ ತಿರುವು. ಈ ಓಝೋನ್ ಯಾವ ಚಿಮಣಿಯಿಂದಲೂ ನೇರವಾಗಿ ಬರುವುದಿಲ್ಲ, ಗಾಳಿಯಲ್ಲೇ ಹುಟ್ಟುತ್ತದೆ. ಹಾಗಿರುವಾಗ ಒಬ್ಬರನ್ನೇ ಬೊಟ್ಟು ಮಾಡಿ ತೋರಿಸುವುದು ಹೇಗೆ?

ಆಮೇಲಿನ ದಶಕಗಳಲ್ಲಿ ವಾಹನಗಳಿಗೆ ಹೊಗೆ ಶುದ್ಧಿ ಮಾಡುವ ಕನ್ವರ್ಟರ್ ಬಂತು, ಪೆಟ್ರೋಲಿನಿಂದ ಸೀಸ ಹೋಯಿತು. ಅಷ್ಟರಲ್ಲಿ ಗಮನ ಪಿಎಂ 2.5 ಕಡೆಗೆ ಹೊರಳಿತು. ಅಂದರೆ 2.5 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಅಥವಾ ಅದಕ್ಕಿಂತ ಸಣ್ಣ ಕಣಗಳು. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ವಾರ್ಷಿಕ ಮಿತಿಯನ್ನು ಘನ ಮೀಟರ್‌ಗೆ 10ರಿಂದ 5 ಮೈಕ್ರೋಗ್ರಾಂಗೆ ಇಳಿಸಿತು.

ಈ ಕಣಗಳೂ ಎಷ್ಟೋ ಸಲ ದಾರಿಯಲ್ಲೇ ಹುಟ್ಟುತ್ತವೆ. ಹೊಲದ ಗೊಬ್ಬರ, ಸಗಣಿಯಿಂದ ಬರುವ ಅಮೋನಿಯಾ ವಾಹನದ ನೈಟ್ರೋಜನ್ ಆಕ್ಸೈಡ್‌ಗಳಿಂದಾದ ಆಮ್ಲದ ಜೊತೆ ಸೇರಿದರೆ ಹೊಸ ಕಣ ತಯಾರು. ರಸ್ತೆಗೆ ನೀರು ಚಿಮುಕಿಸಿದರೆ ಇದು ಹೋಗುತ್ತಾ? ಧೂಳು ಒಂದಿಷ್ಟು ಕೂರಬಹುದು, ಅಷ್ಟೇ. ಗಾಳಿಗೆ ನಗರದ ಗಡಿ ಗೊತ್ತಿಲ್ಲ, ಆದರೆ ಆದೇಶಗಳು ಗಡಿಯಲ್ಲೇ ನಿಲ್ಲುತ್ತವೆ. ಲಾಸ್ ಏಂಜಲಿಸ್ ಇರುವ ದಕ್ಷಿಣ ಕ್ಯಾಲಿಫೋರ್ನಿಯಾ 1977ರಲ್ಲೇ ನಾಲ್ಕು ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಗಾಳಿಯನ್ನು ಒಂದೇ ಸಂಸ್ಥೆಯ ಕೈಗೆ ಕೊಟ್ಟಿತು. ಓಝೋನ್ ಅಲ್ಲಿ ಇನ್ನೂ ಮಿತಿ ಮೀರುತ್ತದೆ, ಆದರೆ ಆಗಿನದಕ್ಕೆ ಹೋಲಿಸಿದರೆ ಬಹಳ ಇಳಿದಿದೆ.