ಹಾಟ್ ರಾಡ್ ಕಟ್ಟುವಾಗ ಬಣ್ಣ ಮೊದಲೋ, ಎಂಜಿನ್ ಮೊದಲೋ?

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. 1930ರ ಫೋರ್ಡ್ ಮಾಡೆಲ್ ಎ ಕೂಪಿನ ಬಾಡಿ, ಚಾಸಿ ಸಿಕ್ಕಿವೆ. ಹಳೆಯ ಫ್ಲ್ಯಾಟ್‌ಹೆಡ್ (ವಾಲ್ವ್‌ಗಳು ಹೆಡ್ಡಿನಲ್ಲಲ್ಲ, ಬ್ಲಾಕಿನಲ್ಲೇ ಇರುವ) ವಿ8 ಎಂಜಿನ್ನೂ ಒಂದಿದೆ. ಮನೆಯ ಗ್ಯಾರೇಜಿನಲ್ಲೇ ಸಾಂಪ್ರದಾಯಿಕ ಹಾಟ್ ರಾಡ್, ಅಂದರೆ ಹಳೆಯ ಕಾರನ್ನು ವೇಗಕ್ಕಾಗಿ ಮಾರ್ಪಡಿಸಿದ ಗಾಡಿ, ಕಟ್ಟುವ ಆಸೆ. ಬಾಡಿ ಕೆಲಸ, ಬಣ್ಣ ಮುಗಿಸಿ ಆಮೇಲೆ ಎಂಜಿನ್, ಗೇರ್‌ಬಾಕ್ಸ್ ಕೂರಿಸಬೇಕೋ, ಇಲ್ಲಾ ಉಲ್ಟಾವೋ?

ಉತ್ತರ: ಬಣ್ಣ ಕೊನೆಗೆ. ಹಾಗಂತ ಎಂಜಿನ್ನೂ ಮೊದಲಲ್ಲ. ಮೊದಲು ಬೇಕಾದದ್ದು ಚಕ್ರ ಮತ್ತು ಟೈರು. ಅವುಗಳಿಂದ ಆಕ್ಸಲ್, ಆಕ್ಸಲ್‌ನಿಂದ ಚಾಸಿಯ ಎತ್ತರ, ಚಾಸಿಯಿಂದ ಎಂಜಿನ್ನಿನ ಜಾಗ ನಿಗದಿಯಾಗುತ್ತವೆ. ಇಡೀ ಗಾಡಿಯನ್ನು ಬರೀ ಲೋಹದಲ್ಲೇ ಜೋಡಿಸಿ, ಓಡಿಸಿ, ತಪ್ಪುಗಳನ್ನು ಸರಿಮಾಡಿ, ಪೂರ್ತಿ ಬಿಚ್ಚಿದ ಮೇಲೆಯೇ ಸ್ಪ್ರೇ ಗನ್ ಕೈಗೆತ್ತಿಕೊಳ್ಳಬೇಕು. ಗಾಡಿಯನ್ನು ಎರಡು ಸಲ ಕಟ್ಟುತ್ತೇನೆ ಎಂದುಕೊಂಡೇ ಶುರುಮಾಡಿ. ಬಣ್ಣ ಹೊಡೆದ ಚಾಸಿಗೆ ಬ್ರಾಕೆಟ್ ಒಂದನ್ನು ವೆಲ್ಡ್ ಮಾಡಬೇಕಾಗಿ ಬಂದರೆ ಅಷ್ಟು ದಿನದ ಶ್ರಮ ಸುಟ್ಟುಹೋಗುತ್ತದೆ. ಅಂಥ ಬ್ರಾಕೆಟ್ ಪ್ರತಿ ಗಾಡಿಯಲ್ಲೂ ಒಂದಾದರೂ ಇದ್ದೇ ಇರುತ್ತದೆ.

ಸಾಂಪ್ರದಾಯಿಕ ಹಾಟ್ ರಾಡ್‌ನ ಮೂಲ ದಕ್ಷಿಣ ಕ್ಯಾಲಿಫೋರ್ನಿಯಾ. ಮುರಾಕ್, ಎಲ್ ಮಿರಾಜ್‌ಗಳ ಒಣಗಿದ ಕೆರೆಯಂಗಳದಲ್ಲಿ ಓಡಿಸುತ್ತಿದ್ದ ಹುಡುಗರು ಗುಜರಿಯಲ್ಲಿ ಸಿಗುತ್ತಿದ್ದ ಫೋರ್ಡ್ ಭಾಗಗಳನ್ನೇ ಸೇರಿಸಿ ಗಾಡಿ ಕಟ್ಟಿದರು. 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿದ್ದು ಆ ಓಟಗಳಿಂದಲೇ. 1928ರಿಂದ 1948ರವರೆಗೆ ಫೋರ್ಡ್ ಅಡ್ಡ ಲೀಫ್ ಸ್ಪ್ರಿಂಗ್ ಮತ್ತು ಟಾರ್ಕ್ ಟ್ಯೂಬ್ (ಪ್ರೊಪೆಲ್ಲರ್ ಶಾಫ್ಟನ್ನು ಮುಚ್ಚಿದ ಕೊಳವೆ) ವಿನ್ಯಾಸವನ್ನು ಬಿಡದೆ ಇಟ್ಟುಕೊಂಡದ್ದರಿಂದ ಒಂದು ವರ್ಷದ ಭಾಗ ಇನ್ನೊಂದು ವರ್ಷದ ಗಾಡಿಗೆ ಸುಲಭವಾಗಿ ಕೂರುತ್ತದೆ. ಮನೆಯಲ್ಲಿ ಕಟ್ಟುವವರಿಗೆ ಇವತ್ತಿಗೂ ಅನುಕೂಲವಾಗಿರುವುದು ಇದೇ ಗುಣ.

ಕತ್ತರಿಸುವ ಮುಂಚೆ ಕಾಗದಪತ್ರ ನೋಡಿಕೊಳ್ಳಿ. ಮಾಡೆಲ್ ಎ ಗಾಡಿಯ ಸಂಖ್ಯೆ ಎಂಜಿನ್ ಮೇಲೂ ಇರುತ್ತದೆ, ಬಾಡಿಯ ಅಡಿಯಲ್ಲಿ ಚಾಸಿಯ ಎಡಗಂಬಿಯ ಮೇಲೂ ಒತ್ತಿರುತ್ತದೆ. ನಿಮ್ಮ ಟೈಟಲ್‌ನಲ್ಲಿರುವ (ಮಾಲೀಕತ್ವದ ಪತ್ರದಲ್ಲಿರುವ) ಸಂಖ್ಯೆ ಚಾಸಿಯದ್ದಕ್ಕೆ ಹೊಂದುತ್ತದೆಯೇ ಎಂದು ಖಾತರಿಯಾಗುವ ತನಕ ಹಳೆಯ ನಾಲ್ಕು ಸಿಲಿಂಡರಿನ ಎಂಜಿನ್ನೂ ಜೊತೆಗೆ ಬಂದಿದ್ದರೆ ಅದನ್ನು ಮಾರಬೇಡಿ, ಆ ಕಂಬಿಯನ್ನೂ ಮುಟ್ಟಬೇಡಿ. ಇದನ್ನು ಓದುತ್ತಿರುವವರು ಕರ್ನಾಟಕದಲ್ಲಿದ್ದರೆ ಮಾತು ಬೇರೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಅಂಥ ಗಾಡಿಯನ್ನು ರಸ್ತೆಗೆ ತರುವ ಯೋಚನೆಯಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.

ಈಗ ಕೆಲಸಕ್ಕೆ ಬರೋಣ. 16 ಇಂಚಿನ ಸ್ಟೀಲ್ ಚಕ್ರ, ಮುಂದೆ 5.50-16, ಹಿಂದೆ 7.50-16 ಟೈರು ಈ ಶೈಲಿಯ ಹಳೆಯ ಜೋಡಿ. ಹಿಂದಿನ ಟೈರಿನ ವ್ಯಾಸ ಸುಮಾರು 32 ಇಂಚು, ಮುಂದಿನದು ಸಣ್ಣದು. ಗಾಡಿ ಮೂಗು ತಗ್ಗಿಸಿ ನಿಲ್ಲುವುದರಲ್ಲಿ ಈ ವ್ಯತ್ಯಾಸದ ಪಾಲು ದೊಡ್ಡದು. ಚಾಸಿಯನ್ನು ಸಮತಟ್ಟಾದ ನೆಲದಲ್ಲಿ ಸ್ಟ್ಯಾಂಡ್ ಮೇಲಿಟ್ಟು, ಟೈರುಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿ, ಬಾಡಿಯನ್ನು ಬೋಲ್ಟ್ ಹಾಕದೆ ಮೇಲಿಟ್ಟು ದೂರದಿಂದ ನೋಡಿ. ಕಣ್ಣಿಗೆ ಒಪ್ಪುವವರೆಗೆ ಎತ್ತರ ಬದಲಿಸುತ್ತಾ ಹೋಗಿ. ಒಪ್ಪಿದ ಅಳತೆಯನ್ನು ಬರೆದಿಟ್ಟುಕೊಂಡರೆ ಮುಂದಿನದಕ್ಕೆಲ್ಲ ಅದೇ ಆಧಾರ.

ಮಾಡೆಲ್ ಎ ಚಾಸಿ 40 ಅಶ್ವಶಕ್ತಿಯ ಎಂಜಿನ್ನಿಗೆ ಮಾಡಿದ್ದು. ಅದರ ಕಂಬಿ ತೆಳುವಾದ ಸಿ ಆಕಾರದ್ದು. ವಿ8 ಹಾಕಿದರೆ ತಿರುಚುತ್ತದೆ. ತಿರುಚುವುದು ಮೊದಲು ಗೊತ್ತಾಗುವುದು ಬಾಗಿಲು ಸರಿಯಾಗಿ ಮುಚ್ಚದಿದ್ದಾಗ, ಆಮೇಲೆ ಕೌಲ್ (ಮುಂದಿನ ಗಾಜಿನ ಕೆಳಗಿನ ತಗಡು) ಹತ್ತಿರ ಬಣ್ಣ ಬಿರುಕು ಬಿಟ್ಟಾಗ. ಕಂಬಿಯ ತೆರೆದ ಬದಿಗೆ 1/8 ಇಂಚಿನ ಉಕ್ಕಿನ ಪಟ್ಟಿ ವೆಲ್ಡ್ ಮಾಡಿ ಮುಚ್ಚಬೇಕು, ನಡುವೆ ಅಡ್ಡತೊಲೆ ಕೊಡಬೇಕು. ಒಂದೇ ಏಟಿಗೆ ಉದ್ದಕ್ಕೂ ವೆಲ್ಡ್ ಎಳೆದರೆ ಕಂಬಿ ಬಾಗುತ್ತದೆ. ಒಂದೊಂದು ಇಂಚು ಹಾಕಿ, ಎದುರು ಬದಿಗೆ ಹೋಗಿ, ಆರಲು ಬಿಟ್ಟು, ಆಗಾಗ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಕರ್ಣಗಳು ಸಮವಿವೆಯೇ ನೋಡಿ.

ಹಿಂದಿನ ಆಕ್ಸಲ್ ವಿಷಯದಲ್ಲಿ ಎರಡು ದಾರಿ. ಒಂದು, 1948ರವರೆಗಿನ ಫೋರ್ಡ್‌ನ ಬ್ಯಾಂಜೊ ಆಕ್ಸಲ್ ಮತ್ತು ಟಾರ್ಕ್ ಟ್ಯೂಬ್. ಇನ್ನೊಂದು, 1957ರಿಂದ ಬಂದ ಫೋರ್ಡ್ 9 ಇಂಚಿನ ಆಕ್ಸಲ್ ಮತ್ತು ತೆರೆದ ಪ್ರೊಪೆಲ್ಲರ್ ಶಾಫ್ಟ್. ಮೊದಲನೆಯದು ಯುಗಕ್ಕೆ ನಿಷ್ಠ, ಎರಡನೆಯದು ಗಟ್ಟಿ. ಟಾರ್ಕ್ ಟ್ಯೂಬ್ ಉಳಿಸಿಕೊಂಡರೆ ಹಿಂದಿನ ರೇಡಿಯಸ್ ರಾಡ್‌ಗಳನ್ನು (ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಕಡ್ಡಿಗಳನ್ನು) ಕತ್ತರಿಸಿ ಚಾಸಿಯ ಹೊರಬದಿಗೆ ಕಟ್ಟಬೇಡಿ. ಟ್ಯೂಬ್ ಗೇರ್‌ಬಾಕ್ಸಿನ ಹಿಂಬದಿಯ ಒಂದೇ ಬಿಂದುವಿನಲ್ಲಿ ತಿರುಗುತ್ತದೆ. ರಾಡ್‌ಗಳು ಬೇರೆ ಬಿಂದುವಿನಲ್ಲಿ ತಿರುಗಿದರೆ ಒಂದನ್ನೊಂದು ಎಳೆದಾಡಿ ಎಲ್ಲೋ ಒಂದು ಕಡೆ ಲೋಹ ಸೀಳುತ್ತದೆ. ಗೇರ್ ಅನುಪಾತ ಆರಿಸಲು ಸರಳ ಲೆಕ್ಕವಿದೆ: ಗಂಟೆಗೆ ಮೈಲಿ, ಗುಣಿಸು ಅನುಪಾತ, ಗುಣಿಸು 336, ಭಾಗಿಸು ಟೈರಿನ ವ್ಯಾಸ ಇಂಚಿನಲ್ಲಿ; ಸಿಗುವುದು ನಿಮಿಷಕ್ಕೆ ಎಂಜಿನ್ನಿನ ಸುತ್ತು. ನೇರ ಟಾಪ್ ಗೇರಿನಲ್ಲಿ 60 ಮೈಲಿ ವೇಗಕ್ಕೆ 3.78ರ ಆಕ್ಸಲ್ ಸುಮಾರು 2,400 ಸುತ್ತು ಕೊಡುತ್ತದೆ, 4.11 ಸುಮಾರು 2,600. ಹೆದ್ದಾರಿಯಲ್ಲಿ ಓಡಿಸುವವರಿಗೆ 3.78 ಸಾಕು.

ಗೇರ್‌ಬಾಕ್ಸಿಗೆ 1939ರ ಫೋರ್ಡ್ ಮೂರು ಗೇರಿನದೇ ಎಲ್ಲರ ಮೆಚ್ಚಿನದು. ಮೇಲಿನಿಂದ ಲಿವರ್, ಎರಡು ಮತ್ತು ಮೂರಕ್ಕೆ ಸಿಂಕ್ರೊ (ಗೇರುಗಳ ವೇಗ ಹೊಂದಿಸಿ ಸದ್ದಿಲ್ಲದೆ ಕೂರಿಸುವ ಸಾಧನ). ಮೊದಲ ಗೇರಿಗೆ ಸಿಂಕ್ರೊ ಇಲ್ಲ, ಆದ್ದರಿಂದ ಗಾಡಿ ಪೂರ್ತಿ ನಿಂತ ಮೇಲೆಯೇ ಮೊದಲಿಗೆ ಹಾಕಬೇಕು. 1948ರವರೆಗಿನ ವಿ8 ಬ್ಲಾಕಿಗೆ ಇದು ನೇರವಾಗಿ ಕೂರುತ್ತದೆ. 1949-53ರ ಬ್ಲಾಕಿನ ಬೆಲ್ ಹೌಸಿಂಗ್ (ಎಂಜಿನ್, ಗೇರ್‌ಬಾಕ್ಸ್ ನಡುವಿನ ಕವಚ) ಬೇರೆಯಾದ್ದರಿಂದ ಅಡಾಪ್ಟರ್ ಬೇಕು. ನಿಮ್ಮ ಎಂಜಿನ್ ಯಾವುದೆಂದು ತಿಳಿಯಲು ಡಿಸ್ಟ್ರಿಬ್ಯೂಟರ್ ನೋಡಿ: ಎದುರುಗಡೆ ಕ್ಯಾಮ್‌ಶಾಫ್ಟಿನ ತುದಿಗೇ ಕೂತಿದ್ದರೆ ಹಳೆಯದು, ನೆಟ್ಟಗೆ ನಿಂತಿದ್ದರೆ 1949-53ರದ್ದು.

ಫ್ಲ್ಯಾಟ್‌ಹೆಡ್‌ಗೆ ದುಡ್ಡು ಸುರಿಯುವ ಮೊದಲು ಬ್ಲಾಕನ್ನು ಪರೀಕ್ಷಿಸಲೇಬೇಕು. ಇದರ ಎಕ್ಸಾಸ್ಟ್ ದಾರಿ ಬ್ಲಾಕಿನೊಳಗೇ ಸಿಲಿಂಡರುಗಳ ಪಕ್ಕದಲ್ಲಿ ಹಾದು ಹೊರಬರುತ್ತದೆ. ಪ್ರತಿ ಬದಿಯಲ್ಲೂ ನಡುವಿನ ಎರಡು ಸಿಲಿಂಡರುಗಳಿಗೆ ಸೇರಿ ಒಂದೇ ಬಾಯಿ. ಆ ಬಿಸಿಯೆಲ್ಲ ನೀರಿಗೆ ಸೇರುತ್ತದೆ. ಅದಕ್ಕೇ ಈ ಎಂಜಿನ್ ಕಾಯುತ್ತದೆ, ಅದಕ್ಕೇ ವಾಲ್ವ್ ಸೀಟಿನಿಂದ ಸಿಲಿಂಡರಿನ ಕಡೆಗೆ ಬಿರುಕು ಬಿಡುತ್ತದೆ. ಬ್ಲಾಕನ್ನು ಬಿಸಿ ದ್ರಾವಣದಲ್ಲಿ ತೊಳೆಸಿ, ಮ್ಯಾಗ್ನಾಫ್ಲಕ್ಸ್ (ಕಾಂತದಿಂದ ಬಿರುಕು ಪತ್ತೆಮಾಡುವ ಪರೀಕ್ಷೆ) ಮಾಡಿಸಿ. ಬೋರ್ ದೊಡ್ಡದು ಮಾಡಿಸುವುದಾದರೆ ಸಿಲಿಂಡರ್ ಗೋಡೆಯ ದಪ್ಪವನ್ನು ಸಾನಿಕ್ ಮೀಟರಿನಲ್ಲಿ ಅಳೆಸಿ. 3 5/16 ಇಂಚಿನ ಬೋರ್, ಮರ್ಕ್ಯುರಿಯ (ಫೋರ್ಡ್‌ನದೇ ಇನ್ನೊಂದು ಬ್ರ್ಯಾಂಡ್) 4 ಇಂಚಿನ ಸ್ಟ್ರೋಕ್ ಸೇರಿದರೆ 276 ಘನ ಇಂಚು. ಆಸೆ ಹುಟ್ಟಿಸುವ ಸಂಖ್ಯೆ ಇದು, ಆದರೆ ತುಕ್ಕು ತಿಂದ ಬ್ಲಾಕ್ ಅದನ್ನು ತಾಳುವುದಿಲ್ಲ. ನೀರಿನ ಹಾದಿಗಳಲ್ಲಿ ತುಕ್ಕು, ಎರಕದ ಮರಳು ಇನ್ನೂ ಕೂತಿರಬಹುದು. ಬಾಗಿದ ತಂತಿ ಹಾಕಿ ಕೆದಕಿ ತೆಗೆಯಿರಿ. ಹೊಸ ರೇಡಿಯೇಟರ್ ಹಾಕಿಯೂ ಕಾಯುವ ಎಂಜಿನ್ನುಗಳಲ್ಲಿ ಹಲವಕ್ಕೆ ಕಾರಣ ಈ ಕೆಸರೇ. ಹೆಡ್ಡಿನ ಸ್ಟಡ್‌ಗಳು ನೀರಿನ ಜಾಕೆಟ್ಟಿನೊಳಕ್ಕೆ ಇಳಿಯುವುದರಿಂದ ಪ್ರತಿ ಸ್ಟಡ್ಡಿನ ಮರೆಗೂ (ಥ್ರೆಡ್‌ಗೂ) ಸೀಲರ್ ಹಚ್ಚಿ.

ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರ್ ಎರಡು ಹಾಕುವುದು ವಾಡಿಕೆ. ಇವಕ್ಕೆ ಪೆಟ್ರೋಲ್ ಒತ್ತಡ 2.5ರಿಂದ 3 ಪಿಎಸ್‌ಐ ಒಳಗೇ ಇರಬೇಕು. ಹೆಚ್ಚಾದರೆ ಸೂಜಿ ವಾಲ್ವ್ ತಡೆಯದೆ ಪೆಟ್ರೋಲ್ ಉಕ್ಕುತ್ತದೆ, ಬಿಸಿ ಎಂಜಿನ್ ಮೇಲೆ ಬೆಂಕಿಗೆ ದಾರಿ. ಎಲೆಕ್ಟ್ರಿಕ್ ಪಂಪು ಹಾಕಿದರೆ ರೆಗ್ಯುಲೇಟರ್ ಕಡ್ಡಾಯ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ, ಗ್ಯಾಸ್ಕೆಟ್ ತೆಗೆದು ಅಳೆದಾಗ, ಮೇಲಂಚಿನಿಂದ 15/32 ಇಂಚು ಕೆಳಗಿರಲಿ.

ಮುಂಭಾಗದಲ್ಲಿ 4 ಇಂಚು ತಗ್ಗಿಸಿದ ಐ-ಬೀಮ್ ಆಕ್ಸಲ್ ಹಾಕಿ. ವಿಶ್‌ಬೋನನ್ನು (ಆಕ್ಸಲನ್ನು ಚಾಸಿಗೆ ಹಿಡಿಯುವ ವಿ ಆಕಾರದ ಕಡ್ಡಿಯನ್ನು) ಸೀಳಿ ಎರಡೂ ಬದಿಗೆ ಕಟ್ಟಿದಾಗ, ಒಂದು ಚಕ್ರ ಗುಂಡಿಗೆ ಇಳಿದರೆ ಆಕ್ಸಲ್ ತಿರುಚಲೇಬೇಕಾಗುತ್ತದೆ. ಐ-ಬೀಮ್ ಅಷ್ಟಕ್ಕೆ ಬಗ್ಗುತ್ತದೆ, ಟ್ಯೂಬ್ ಆಕ್ಸಲ್ ಬಗ್ಗುವುದಿಲ್ಲ, ಬ್ರಾಕೆಟ್ ಕಿತ್ತುಹಾಕುತ್ತದೆ. ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದಕ್ಕಿನ ವಾಲು) 5ರಿಂದ 7 ಡಿಗ್ರಿ, ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ವಾಲುವುದು) 1/8 ಇಂಚು. ಸ್ಟೀರಿಂಗ್ ಬಾಕ್ಸಿನಿಂದ ಎದುರು ಬದಿಯ ಚಕ್ರಕ್ಕೆ ಅಡ್ಡ ಹೋಗುವ ಡ್ರ್ಯಾಗ್ ಲಿಂಕ್ ಬಳಸಿದರೆ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಬೇಕೇ ಬೇಕು. ಅಡ್ಡ ಸ್ಪ್ರಿಂಗಿನ ತುದಿಯ ತೂಗುಕೊಂಡಿಗಳು (ಶ್ಯಾಕಲ್) ಆಕ್ಸಲನ್ನು ಪಕ್ಕಕ್ಕೆ ಜಾರಲು ಬಿಡುತ್ತವೆ, ಸ್ಟೀರಿಂಗ್ ತಿರುಗಿಸಿದಾಗ ಚಕ್ರದ ಬದಲು ಆಕ್ಸಲೇ ಸರಿಯುತ್ತದೆ.

ಬ್ರೇಕಿಗೆ 1939-48ರ ಫೋರ್ಡ್ ಹೈಡ್ರಾಲಿಕ್ ಡ್ರಮ್‌ಗಳು ಯುಗಕ್ಕೂ ಸರಿ, ಕೆಲಸಕ್ಕೂ ಸರಿ. ಮಾಸ್ಟರ್ ಸಿಲಿಂಡರ್ ನೆಲದಡಿಯಲ್ಲಿ, ಚಕ್ರದ ಸಿಲಿಂಡರಿಗಿಂತ ಕೆಳಗೆ ಕೂರುವುದರಿಂದ ದ್ರವ ಹಿಂದಕ್ಕೆ ಇಳಿದು ಪೆಡಲ್ ಪೊಳ್ಳಾಗುತ್ತದೆ. ಡ್ರಮ್ ಸಾಲಿಗೆ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುವ 10 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ ಹಾಕಿ, ಡಿಸ್ಕ್ ಆದರೆ 2 ಪಿಎಸ್‌ಐ. ಅದಲುಬದಲಾಗಿ ಡಿಸ್ಕಿಗೆ 10 ಹಾಕಿದರೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ.

ಇಷ್ಟಾದ ಮೇಲೆ ಬಾಡಿಯನ್ನು ಬೋಲ್ಟ್ ಹಾಕಿ ಬಿಗಿದು, ಬಣ್ಣವಿಲ್ಲದೆಯೇ ಒಂದೈನೂರು ಮೈಲಿ ಓಡಿಸಿ. ಎಣ್ಣೆ ಸೋರುವುದು, ಎಕ್ಸಾಸ್ಟ್ ತಾಗುವುದು, ಟೈರು ಫೆಂಡರಿಗೋ ರೇಡಿಯಸ್ ರಾಡಿಗೋ ಉಜ್ಜುವುದು, ಪೆಡಲಿಗೆ ಕಾಲು ಎಟುಕದಿರುವುದು ಎಲ್ಲವೂ ಈಗಲೇ ಹೊರಬೀಳಲಿ.

ಬಾಡಿಯ ಟಿಂಕರಿಂಗನ್ನು ಬಾಡಿ ಚಾಸಿಯ ಮೇಲಿರುವಾಗಲೇ, ಎಂಜಿನ್ನಿನ ಭಾರ ಬಿದ್ದು ಚಕ್ರದ ಮೇಲೆ ನಿಂತಿರುವಾಗಲೇ ಮಾಡಬೇಕು. ಬೇರೆ ಸ್ಟ್ಯಾಂಡಿನ ಮೇಲೆ ಹೊಂದಿಸಿದ ಬಾಗಿಲ ಸಂದು ಚಾಸಿಗೆ ಬಂದಾಗ ಉಳಿಯುವುದಿಲ್ಲ. ತುಕ್ಕು ಹಿಡಿದ ನೆಲದ ತಗಡು ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿನ ಅಡ್ಡಕ್ಕೆ ಪೈಪು ವೆಲ್ಡ್ ಮಾಡಿ ಬಿಗಿಯಿರಿ. ಸೀಸದಿಂದ ಸಂದು ತುಂಬುವುದಾದರೆ ಟಿನ್ನಿಂಗ್ ಫ್ಲಕ್ಸಿನ ಆಮ್ಲವನ್ನು ಅಡುಗೆ ಸೋಡಾ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಉಳಿದ ಆಮ್ಲ ತಿಂಗಳುಗಳ ಮೇಲೆ ಬಣ್ಣದಡಿಯಲ್ಲಿ ಗುಳ್ಳೆಯೆಬ್ಬಿಸುತ್ತದೆ.

ಈಗ ಗಾಡಿಯನ್ನು ಪೂರ್ತಿ ಬಿಚ್ಚಿ. ಬರೀ ಲೋಹಕ್ಕೆ ಎರಡು ಕೋಟ್ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪುಟ್ಟಿ, ಅದೂ 1/8 ಇಂಚಿಗಿಂತ ದಪ್ಪವಾಗದಂತೆ. ಉದ್ದನೆಯ ಹಲಗೆಗೆ 80, ಆಮೇಲೆ 180ರ ಕಾಗದ ಹಾಕಿ ಉಜ್ಜಿ. ನಂತರ 2ಕೆ (ಹಾರ್ಡನರ್ ಬೆರೆಸುವ) ಸರ್ಫೇಸರ್, ಅಂದರೆ ಉಜ್ಜಿ ಮಟ್ಟ ಮಾಡುವ ದಪ್ಪ ಪ್ರೈಮರ್, ಅದಕ್ಕೆ 1.7ರ ನಾಜಲ್. ತೆಳುವಾಗಿ ಬೇರೆ ಬಣ್ಣದ ಗೈಡ್ ಕೋಟ್ ಎರಚಿ 320ರಲ್ಲಿ ಉಜ್ಜಿದರೆ ಹಳ್ಳಗಳಲ್ಲಿ ಆ ಬಣ್ಣ ಉಳಿದು ತಾನೇ ತೋರಿಸುತ್ತದೆ. ಕೊನೆಗೆ 600ರಲ್ಲಿ ನೀರು ಹಾಕಿ ಉಜ್ಜಿ, 1.3 ಅಥವಾ 1.4ರ ನಾಜಲ್‌ನಿಂದ ಸಿಂಗಲ್ ಸ್ಟೇಜ್ (ಮೇಲೆ ಬೇರೆ ಕ್ಲಿಯರ್ ಕೋಟ್ ಬೇಡದ) ಕಪ್ಪು ಹೊಡೆಯಿರಿ. ಕೋಟಿನ ನಡುವೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಕಾಯದಿದ್ದರೆ ಒಳಗೆ ಸಿಕ್ಕಿಕೊಂಡ ತಿನ್ನರ್ ಸೂಜಿರಂಧ್ರ ಮಾಡಿಕೊಂಡು ಹೊರಬರುತ್ತದೆ. ಪ್ರೈಮರ್ ಬಣ್ಣದಲ್ಲೇ ಓಡಿಸುವ ಹಳೆಯ ಶೈಲಿ ಇಷ್ಟವಾದರೆ ಸರ್ಫೇಸರಿನಲ್ಲಿ ನಿಲ್ಲಿಸಬೇಡಿ, ಅದು ನೀರು ಹೀರುತ್ತದೆ, ಅಡಿಯಲ್ಲಿ ತುಕ್ಕು ಶುರುವಾಗುತ್ತದೆ. ಎಪಾಕ್ಸಿಯಲ್ಲೋ ಮಂದ ಹೊಳಪಿನ ಕಪ್ಪಿನಲ್ಲೋ ಮುಗಿಸಿ.

ಒಂದು ವಿಷಯದಲ್ಲಿ ರಾಜಿಯೇ ಇಲ್ಲ. 2ಕೆ ಬಣ್ಣದ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಮೂಗಿಗೆ ವಾಸನೆ ಬಾರದೆಯೇ ಶ್ವಾಸಕೋಶಕ್ಕೆ ಹಾನಿ ಮಾಡಿ, ಶಾಶ್ವತ ಆಸ್ತಮಾ ತರಬಲ್ಲದು. ಇದ್ದಿಲಿನ ಮಾಸ್ಕ್ ನಂಬಬೇಡಿ, ಹೊರಗಿನ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಬೇಕು. ಚರ್ಮ, ಕಣ್ಣು ಮುಚ್ಚಿರಬೇಕು. ಮನೆಗೆ ಅಂಟಿಕೊಂಡ ಗ್ಯಾರೇಜಾಗಿದ್ದು ಮಕ್ಕಳಿದ್ದರೆ ಕೊನೆಯ ಕೋಟುಗಳಿಗೆ ಬೂತ್ ಬಾಡಿಗೆಗೆ ಹಿಡಿಯಿರಿ.

ಮರುಜೋಡಣೆಯಲ್ಲಿ ಬಣ್ಣದ ದಪ್ಪವೇ ತೊಡಕು. ಬೋಲ್ಟಿನ ಮರೆಗಳಿಗೆ ಟ್ಯಾಪ್ ಹಾಕಿ ಶುಚಿಮಾಡಿ, ಅರ್ತಿಂಗ್ ತಂತಿ ಕೂರುವ ಜಾಗದ ಬಣ್ಣ ಕೆರೆದು ಲೋಹ ಕಾಣಿಸಿ. ಬ್ಯಾಂಜೊ ಆಕ್ಸಲಿನ ಮೊನಚಾದ ತುದಿಗೆ, ಹಬ್ಬಿನ ಒಳಮೈಗೆ ಬಣ್ಣವೂ ಇರಬಾರದು, ಗ್ರೀಸೂ ಇರಬಾರದು. ಅಲ್ಲಿ ಹಿಡಿತ ಕೊಡುವುದು ಆ ಒಣ ಲೋಹದ ಬಿಗಿತ, ನಡುವೆ ಸಿಕ್ಕಿಸುವ ಲೋಹದ ಕೀಲಿಯಲ್ಲ. ನಟ್ಟು ಸಡಿಲವಾದರೆ ಕೀಲಿ ಕತ್ತರಿಸಿ ಆಕ್ಸಲ್ ಮುರಿಯಬಹುದು. ಸುಮಾರು 200 ಅಡಿ-ಪೌಂಡಿಗೆ ಬಿಗಿದು ಸ್ಪ್ಲಿಟ್ ಪಿನ್ ಹಾಕಿ, ಮೊದಲ 50 ಮೈಲಿ ಓಡಿದ ಮೇಲೆ ಪಿನ್ ತೆಗೆದು ಮತ್ತೊಮ್ಮೆ ಟಾರ್ಕ್ ನೋಡಿ, ಹೊಸ ಪಿನ್ ಹಾಕಿ.