ಆಫ್-ರೋಡ್ ಟ್ರಕ್‌ಗೆ ರೋಲ್ ಕೇಜ್ ಕಟ್ಟುವುದು: ಪಾದ, ಗಂಟು, ಬೆಸುಗೆ

ರೋಲ್ ಕೇಜ್ ಎಂದರೆ ಟ್ರಕ್ ಪಲ್ಟಿಯಾದಾಗ ಒಳಗಿನವರನ್ನು ಕಾಯುವ ಉಕ್ಕಿನ ಕೊಳವೆಗಳ ಪಂಜರ. ಪಲ್ಟಿ ಹೊಡೆದ ಟ್ರಕ್ಕಿನ ಭಾರವೆಲ್ಲ ಸಾಮಾನ್ಯವಾಗಿ ಮೊದಲು ಬೀಳುವುದು ಚಾವಣಿಯ ಒಂದೇ ಮೂಲೆಯ ಮೇಲೆ. ಅಲ್ಲಿಂದ ಅದು ಯಾವ ಕೊಳವೆ ಹಿಡಿದು ಎಲ್ಲಿಗೆ ಇಳಿಯುತ್ತದೆ ಎಂದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಬರಬೇಕು. ಬೆರಳು ಯಾವುದಾದರೂ ಕೊಳವೆಯ ನಟ್ಟನಡುವೆ ನಿಂತುಬಿಟ್ಟರೆ ಕೇಜ್ ಬಾಗುವುದು ಅಲ್ಲೇ. ಕೊಳವೆ ಉದ್ದಕ್ಕೆ ಒತ್ತಿದರೂ ಎಳೆದರೂ ತಾಳುತ್ತದೆ, ನಡುವಿಗೆ ಅಡ್ಡಪೆಟ್ಟು ಬಿದ್ದರೆ ಮಡಚಿಕೊಳ್ಳುತ್ತದೆ. ಹಾಗಾಗಿ ಕೊಳವೆಗಳೆಲ್ಲ ಗಂಟಿನಿಂದ ಗಂಟಿಗೆ, ಅಂದರೆ ಕೊಳವೆಗಳು ಕೂಡುವ ಒಂದು ಜಾಗದಿಂದ ಇನ್ನೊಂದಕ್ಕೆ ಓಡಬೇಕು, ಖಾಲಿ ಚೌಕಕ್ಕೆ ಮೂಲೆಯಿಂದ ಮೂಲೆಗೆ ಕರ್ಣ ಬೀಳಬೇಕು. ಮುಖ್ಯ ಹೂಪ್‌ಗೆ (ಆಸನದ ಹಿಂದೆ ಅಡ್ಡಲಾಗಿ ನಿಲ್ಲುವ ದೊಡ್ಡ ಕಮಾನು) ಕರ್ಣವಿಲ್ಲದಿದ್ದರೆ ಬದಿಯಿಂದ ಬಂದ ಬಲಕ್ಕೆ ಇಡೀ ಕೇಜ್ ಬೆಂಕಿಪೆಟ್ಟಿಗೆಯ ಹೊರಕವಚದಂತೆ ವಾಲುತ್ತದೆ, ಕೊಳವೆ ಎಷ್ಟೇ ದಪ್ಪವಿರಲಿ.

ಈಗ ಕೊಳವೆ. ನೀರಿನ ಪೈಪ್, ಗ್ಯಾಸ್ ಪೈಪ್, ಸತು ಲೇಪಿಸಿದ ಪೈಪ್ ಯಾವುದೂ ಬೇಡ: ಉಕ್ಕಿನ ಗುಣಕ್ಕೆ ಭರವಸೆಯಿಲ್ಲ, ಸತುವಿನ ಹೊಗೆ ವಿಷ, ಬೆಸುಗೆಯೂ ತೂತುತೂತಾಗುತ್ತದೆ. ಮೋಟಾರ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎ ನಿಯಮಾವಳಿಯ ಅಪೆಂಡಿಕ್ಸ್ ಜೆ, 253ನೇ ವಿಧಿ ಮುಖ್ಯ ಹೂಪ್‌ಗೆ ಕೇಳುವುದು ತಣ್ಣಗೆ ಎಳೆದ, ಜೋಡಣೆಯಿಲ್ಲದ ಕಾರ್ಬನ್ ಸ್ಟೀಲ್, ಕನಿಷ್ಠ 45×2.5 ಅಥವಾ 50×2 ಮಿ.ಮೀ. (ಹೊರವ್ಯಾಸ × ಗೋಡೆಯ ದಪ್ಪ). ಆಫ್-ರೋಡ್ ಟ್ರಕ್‌ಗಳಲ್ಲಿ ಹೆಚ್ಚು ಕಾಣುವುದು ಒಂದೂಮುಕ್ಕಾಲು ಇಂಚಿನ ಡಿಒಎಂ (ಒಳಗೆ ಅಚ್ಚುಕಂಬಿಯಿಟ್ಟು ತಣ್ಣಗೆ ಎಳೆದ) ಕೊಳವೆ, ಅಂದರೆ 44.45 ಮಿ.ಮೀ. ಹೊರವ್ಯಾಸ, 3.05 ಮಿ.ಮೀ. ಗೋಡೆ. ಮೀಟರಿಗೆ ಅದರ ತೂಕ ಸುಮಾರು 3.1 ಕೆ.ಜಿ.; 50×2 ಆದರೆ ಸುಮಾರು 2.4 ಕೆ.ಜಿ. ಹೀಗಿದ್ದೂ ಬಾಗುವಿಕೆಗೆ ಎರಡೂ ತೋರುವ ಬಿಗುವು ಹೆಚ್ಚುಕಡಿಮೆ ಒಂದೇ, ಏಕೆಂದರೆ ವ್ಯಾಸ ಕೊಡುವ ಲಾಭ ಗೋಡೆಯ ದಪ್ಪ ಕೊಡುವುದಿಲ್ಲ. ಆದರೂ ಬಂಡೆಗಳ ನಡುವೆ ಓಡುವ ಟ್ರಕ್‌ಗೆ ದಪ್ಪ ಗೋಡೆಯೇ ಸರಿ: ತೆಳು ಗೋಡೆ ಕಲ್ಲಿನ ಮೊನೆಗೆ ನೆಗ್ಗುತ್ತದೆ, ನೆಗ್ಗಿದ ಜಾಗದಲ್ಲೇ ಆಮೇಲೆ ಮಡಚುತ್ತದೆ. 4130 ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು) ಹಾಕಿದರೆ ಬಿಗುವು ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೆಚ್ಚುವುದು ಬಲ ಮಾತ್ರ, ಅದೂ ಬೆಸುಗೆಯ ಶಾಖವನ್ನು ಹತೋಟಿಯಲ್ಲಿಡಲು ಬಲ್ಲವರ ಕೈಯಲ್ಲಿ.

ಟ್ರಕ್ಕಿನಲ್ಲಿ ಹೆಚ್ಚು ತಪ್ಪಾಗುವುದು ಪಾದಗಳಲ್ಲಿ. ಕಾರಿನ ಕೇಜ್ ನೋಡಿ ಕಲಿತವರು ಇಲ್ಲಿ ನಿಧಾನಿಸಬೇಕು. ಟ್ರಕ್ಕಿನ ಕ್ಯಾಬ್ ಚಾಸಿಸ್‌ಗೆ ಬೆಸೆದುಕೊಂಡಿಲ್ಲ, ರಬ್ಬರ್ ಬುಷ್‌ಗಳ ಮೇಲೆ ಕೂತಿದೆ. ಏರುಪೇರು ನೆಲದಲ್ಲಿ ಚಾಸಿಸ್ ತಿರುಚಿದಾಗ ಕ್ಯಾಬ್ ತನ್ನ ಪಾಡಿಗೆ ಅಲುಗುತ್ತದೆ, ಪಿಕಪ್‌ನ ಹಿಂದಿನ ತೊಟ್ಟಿ ಬೇರೆಯದೇ ರೀತಿ ಅಲುಗುತ್ತದೆ. ಮುಖ್ಯ ಹೂಪಿನ ಕಾಲು ಚಾಸಿಸ್‌ಗೆ, ಮುಂಗಾಲು ಕ್ಯಾಬಿನ ನೆಲಕ್ಕೆ, ಹಿಂದಿನ ಆಸರೆ ತೊಟ್ಟಿಗೆ ಅಂತ ಹಂಚಿದರೆ ಈ ಮೂರರ ಜಗಳವನ್ನೂ ಕೇಜ್ ತಾನೇ ಹೊರಬೇಕಾಗುತ್ತದೆ. ಮುಂಗಾಲಿನ ಬೆಸುಗೆ ಸೀಳುತ್ತದೆ, ಗಾಜು ಬಿರುಕು ಬಿಡುತ್ತದೆ. ಆದ್ದರಿಂದ ಹೂಪಿನ ಎರಡು, ಮುಂಗಾಲಿನ ಎರಡು, ಹಿಂದಿನ ಆಸರೆಯ ಎರಡು, ಹೀಗೆ ಆರೂ ಪಾದ ಒಂದೇ ಕಡೆ ನಿಲ್ಲಲಿ. ಒಂದೋ ಎಲ್ಲವೂ ಕ್ಯಾಬಿನ ನೆಲದ ಮೇಲೆ, ಸಾಧ್ಯವಾದಷ್ಟು ಬುಷ್‌ಗಳ ನೇರ ಮೇಲೆ; ಇಲ್ಲವೇ ಎಲ್ಲವೂ ನೆಲದ ತೂತುಗಳಿಂದ ಇಳಿದು ಚಾಸಿಸ್‌ಗೆ. ಎರಡನೆಯ ದಾರಿ ಹಿಡಿದರೆ ಕ್ಯಾಬ್ ಅಲುಗಿದಾಗ ಲೋಹಕ್ಕೆ ಲೋಹ ತಾಕದಷ್ಟು ಜಾಗ ತೂತಿನ ಸುತ್ತ ಉಳಿಯಬೇಕು. ಆ ಜಾಗಕ್ಕೆ ರಬ್ಬರ್ ಬೂಟ್ ತೊಡಿಸಿ ಧೂಳು, ನೀರು ತಡೆಯಿರಿ.

ಕ್ಯಾಬಿನ ನೆಲದ ತಗಡು ಸುಮಾರು 1 ಮಿ.ಮೀ. ದಪ್ಪ. ಅದರ ಮೇಲೆ ಬರೀ ಕೊಳವೆ ನಿಂತರೆ ಪಲ್ಟಿಯಲ್ಲಿ ತಗಡನ್ನು ಕೊರೆದುಕೊಂಡು ಕೆಳಗಿಳಿಯುತ್ತದೆ. ಪ್ರತಿ ಪಾದಕ್ಕೂ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ಹರಡಿನ ಬಲವರ್ಧಕ ತಟ್ಟೆ ಬೇಕು, 10×12 ಸೆಂ.ಮೀ. ತುಂಡು ಸಾಕು. ಬೋಲ್ಟ್ ಹಾಕುವುದಾದರೆ ಪಾದಕ್ಕೆ 8.8 ದರ್ಜೆಯ ಎಂ8 ಬೋಲ್ಟ್ ಮೂರಾದರೂ ಇರಲಿ, ನೆಲದ ಅಡಿಯಿಂದಲೂ ತಟ್ಟೆ ಇರಲಿ. ತಟ್ಟೆಯನ್ನು ಬಾಗಿಸಿ ಬಾಗಿಲಡಿಯ ಸಿಲ್‌ನ ಗೋಡೆಗೂ ಹತ್ತಿಸಿದರೆ ಭಾರ ಎರಡು ಮುಖಗಳಿಗೆ ಹಂಚಿಕೊಳ್ಳುತ್ತದೆ.

ಅಳತೆಗೆ ಮೊದಲು ಆಸನ ಕೂರಿಸಿ, ಚಾಲಕ ಹೆಲ್ಮೆಟ್ ತೊಟ್ಟು ಪಟ್ಟಿ ಬಿಗಿದು ಕೂರಲಿ. ತಲೆಯ ಸುತ್ತ ಕನಿಷ್ಠ ನಾಲ್ಕು ಬೆರಳಗಲ ಬಿಡಿ, ಏಕೆಂದರೆ ಪಲ್ಟಿಯಲ್ಲಿ ಪಟ್ಟಿ ಹಿಗ್ಗಿ ತಲೆ ಮೇಲೇಳುತ್ತದೆ. ಹಾರ್ನೆಸ್ ಕೊಳವೆಯ (ಭುಜದ ಪಟ್ಟಿಗಳನ್ನು ಕಟ್ಟುವ ಕೊಳವೆ) ಎತ್ತರವೂ ಈಗಲೇ ತೀರ್ಮಾನವಾಗಬೇಕು: ಭುಜದಿಂದ ಹಿಂದಕ್ಕೆ ಹೋಗುವ ಪಟ್ಟಿ ಸಮತಲಕ್ಕಿಂತ 20 ಡಿಗ್ರಿಗೂ ಹೆಚ್ಚು ಕೆಳಗಿಳಿದರೆ ಅಪಘಾತದಲ್ಲಿ ಬೆನ್ನುಮೂಳೆಯನ್ನು ಅದುಮುತ್ತದೆ.

ಬಾಗಿಸಲು ರೋಟರಿ ಡ್ರಾ ಬೆಂಡರ್ (ತಿರುಗುವ ಅಚ್ಚಿನ ಸುತ್ತ ಕೊಳವೆಯನ್ನು ಎಳೆದು ಬಾಗಿಸುವ ಯಂತ್ರ) ಬೇಕು. ಹೈಡ್ರಾಲಿಕ್ ಪೈಪ್ ಬೆಂಡರ್ ನಡುವೆ ಒತ್ತಿ ಕೊಳವೆಯನ್ನು ಚಪ್ಪಟೆ ಮಾಡುತ್ತದೆ. ಸುಕ್ಕು ಬಿದ್ದ ತುಂಡು ಗುಜರಿಗೆ. ಬಾಗಿನ ತ್ರಿಜ್ಯ ನಡುಗೆರೆಯಲ್ಲಿ ಕೊಳವೆಯ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಾಗದಿರಲಿ. ಉದಾಹರಣೆಗೆ ನಡುಗೆರೆಯಿಂದ ಅಳೆದು 1300 ಮಿ.ಮೀ. ಅಗಲ, 1100 ಎತ್ತರದ ಹೂಪ್, ತ್ರಿಜ್ಯ 152, ಎರಡು 90 ಡಿಗ್ರಿ ಬಾಗು. ನೇರ ಲೆಕ್ಕಕ್ಕೆ 3500 ಬೇಕು. ಪ್ರತಿ ಬಾಗಿನಲ್ಲಿ 65 ಮಿ.ಮೀ. ಉಳಿಯುವುದರಿಂದ ನಿಜಕ್ಕೆ ಬೇಕಾದದ್ದು 3370. ಎರಡು ಕಡೆಯೂ 50 ಮಿ.ಮೀ. ಹೆಚ್ಚಿಟ್ಟು ಕತ್ತರಿಸಿ. ಬಿಟ್ಟೊಡನೆ ಕೊಳವೆ ಕೆಲವು ಡಿಗ್ರಿ ಹಿಂದೆ ಸರಿಯುತ್ತದೆ, ಎಷ್ಟೆಂದು ಅದೇ ಕೊಳವೆಯ ಚೂರಿನಲ್ಲಿ ಮೊದಲೇ ಅಳೆಯಿರಿ. ಎರಡೂ ಬಾಗು ಒಂದೇ ಸಮತಲದಲ್ಲಿವೆಯೇ ಎಂದು ನೆಲದ ಮೇಲೆ ಮಲಗಿಸಿ ನೋಡಿ.

ಬೆಸೆಯುವ ಮುನ್ನ ಬ್ಯಾಟರಿ ಕಳಚಿ, ಇಂಧನ ಟ್ಯಾಂಕ್ ಇಳಿಸಿ, ಅರ್ಥ್ ಕ್ಲ್ಯಾಂಪನ್ನು ಬೆಸೆಯುವ ಕೊಳವೆಗೇ ಹಾಕಿ. ಮೀನಿನ ಬಾಯಿಯಂತೆ ಕೊರೆದ ತುದಿ ಇನ್ನೊಂದು ಕೊಳವೆಗೆ ಕೂತಾಗ ಸಂದು 1 ಮಿ.ಮೀ. ಮೀರಬಾರದು, ಅಗಲ ಸಂದನ್ನು ತಂತಿ ಕರಗಿಸಿ ತುಂಬಿದರೆ ಕುಗ್ಗುವಾಗ ಕೇಜನ್ನೇ ಎಳೆಯುತ್ತದೆ. ಇಡೀ ಕೇಜ್ ಟ್ಯಾಕ್ ಮಾಡಿ (ಚುಕ್ಕಿ ಬೆಸುಗೆಯಿಂದ ತಾತ್ಕಾಲಿಕವಾಗಿ ಹಿಡಿಸಿ), ಬಾಗಿಲು ಮುಚ್ಚುತ್ತದೆಯೇ ನೋಡಿ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಗಂಟಿನಂತೆ ಪೂರ್ತಿ ಬೆಸೆಯಿರಿ.

ಚಾವಣಿಗೆ ಒತ್ತಿಕೊಂಡ ಗಂಟುಗಳ ಮೇಲ್ಭಾಗಕ್ಕೆ ಬೆಸುಗೆ ಟಾರ್ಚ್ ಹೋಗುವುದಿಲ್ಲ. ಅದನ್ನು ಹಾಗೇ ಬಿಡುವವರಿದ್ದಾರೆ, ಆ ಗಂಟು ಅರ್ಧ ಗಂಟು. ಪಾದದ ಅಡಿ 100 ಮಿ.ಮೀ. ಎತ್ತರದ ಉಕ್ಕಿನ ಪೆಟ್ಟಿಗೆ ಬರುವಂತೆ ಮೊದಲೇ ಯೋಜಿಸಿ. ಟ್ಯಾಕ್ ಆದ ಮೇಲೆ ಪೆಟ್ಟಿಗೆ ಸರಿಸಿದರೆ ಕೇಜ್ ಅಷ್ಟು ಕೆಳಗಿಳಿಯುತ್ತದೆ. ಮೇಲಿನ ಗಂಟನ್ನು ಸುತ್ತಲೂ ಬೆಸೆದು, ಮತ್ತೆ ಎತ್ತಿ, ಪೆಟ್ಟಿಗೆಗಳನ್ನು ತಟ್ಟೆಗೆ ಬೆಸೆಯಿರಿ.

ಚೂರು ಕೊಳವೆಗಳಲ್ಲಿ ಇದೇ ಗಂಟು ಮಾಡಿ ಸುತ್ತಿಗೆಯಿಂದ ಹೊಡೆದು ನೋಡುವ ಪರೀಕ್ಷೆ ತಪ್ಪಿಸಬೇಡಿ. ಕೊಳವೆ ಹರಿದರೆ ಬೆಸುಗೆ ಆಳಕ್ಕೆ ಇಳಿದಿದೆ. ಬೆಸುಗೆಯ ದಾರವೇ ನೀಟಾಗಿ ಎದ್ದುಬಂದರೆ ಕರೆಂಟ್ ಕಡಿಮೆಯಾಗಿದೆ. ಬೆಸುಗೆಯನ್ನು ನುಣುಪಿಗಾಗಿ ಉಜ್ಜಬೇಡಿ, ಉಜ್ಜಿದಷ್ಟೂ ಅದರ ದಪ್ಪ ಹೋಗುತ್ತದೆ. ತಲೆ ತಾಗಬಹುದಾದ ಕೊಳವೆಗೆಲ್ಲ ರೇಸಿಂಗ್ ಸುರಕ್ಷತಾ ಸಲಕರಣೆಗಳಿಗಿರುವ ಎಸ್‌ಎಫ್‌ಐ 45.1 ಗುಣಮಟ್ಟದ ಗಟ್ಟಿ ಪ್ಯಾಡಿಂಗ್ ಸುತ್ತಿ, ಮೆತ್ತನೆಯ ಪೈಪ್ ಫೋಮ್ ಹೊಡೆತಕ್ಕೆ ಪೂರ್ತಿ ಅದುಮಿಹೋಗುತ್ತದೆ. ಹೆಲ್ಮೆಟ್ ಇಲ್ಲದೆ ರಸ್ತೆಗಿಳಿದರೆ ಸಣ್ಣ ಡಿಕ್ಕಿಯಲ್ಲೂ ಇದೇ ಕೇಜ್ ತಲೆಬುರುಡೆ ಒಡೆಯಬಲ್ಲದು, ಪ್ಯಾಡಿಂಗ್ ಇದ್ದರೂ.