ಸಾಲದ ಮರುಹೊಂದಾಣಿಕೆ ತಡವಾದಷ್ಟೂ ಬೆಳವಣಿಗೆ ಸೊರಗುತ್ತದೆ

ಜಿಡಿಪಿಯ ಎಷ್ಟು ಪಾಲು ಸಾಲವಿದೆ ಎಂಬ ಒಂದೇ ಅಂಕಿ ನೋಡಿ ದೇಶದ ಸ್ಥಿತಿ ಹೇಳಲಾಗದು. ಜಪಾನಿನ ಸರ್ಕಾರಿ ಸಾಲ ಜಿಡಿಪಿಯ ಎರಡು ಪಟ್ಟಿಗೂ ಹೆಚ್ಚು. ಆದರೆ ಅದು ಯೆನ್‌ನಲ್ಲಿದೆ, ಕೊಟ್ಟವರೂ ಬಹುಪಾಲು ದೇಶದೊಳಗಿನವರೇ. ಅಭಿವೃದ್ಧಿಶೀಲ ದೇಶದಲ್ಲಿ ಮೊದಲು ಕೇಳಬೇಕಾದದ್ದು: ಸಾಲ ಯಾವ ಕರೆನ್ಸಿಯಲ್ಲಿದೆ, ತೆರಿಗೆ ಆದಾಯದಲ್ಲಿ ಬಡ್ಡಿಗೆ ಎಷ್ಟು ಹೋಗುತ್ತಿದೆ, ಇನ್ನೊಂದು ವರ್ಷದಲ್ಲಿ ಕಟ್ಟಬೇಕಾದ ಡಾಲರ್‌ಗೆ ವಿದೇಶಿ ವಿನಿಮಯ ಮೀಸಲು ಸಾಕೇ.

ಸಾಲ ಜಿಡಿಪಿಯ ಶೇ 80, ಅರ್ಧ ಡಾಲರ್‌ನಲ್ಲಿದೆ ಎನ್ನೋಣ. ಡಾಲರ್ ಶೇ 40 ದುಬಾರಿಯಾದರೆ, ಹೊಸದಾಗಿ ಬಿಡಿಗಾಸು ಪಡೆಯದೆಯೂ ಸಾಲ ಶೇ 96 ಆಗುತ್ತದೆ. ಸರಾಸರಿ ಬಡ್ಡಿ ಶೇ 9, ಬೆಲೆ ಏರಿಕೆ ಸೇರಿದ ಬೆಳವಣಿಗೆ ಶೇ 6 ಇದ್ದರೆ, ಆ 96ನ್ನು ಅಲ್ಲೇ ತಡೆಯಲು ಬಡ್ಡಿಯಲ್ಲದ ಖರ್ಚಿಗಿಂತ ಆದಾಯವು ಪ್ರತಿವರ್ಷ ಜಿಡಿಪಿಯ ಶೇ 2.7ರಷ್ಟು ಹೆಚ್ಚಿರಬೇಕು. ಸರ್ಕಾರ ಇದನ್ನು ಹೊಂದಿಸುವುದು ಎಲ್ಲಿಂದ? ಸಂಬಳ, ಪಿಂಚಣಿ ಮುಟ್ಟುವುದು ಕಷ್ಟ. ಹಾಗಾಗಿ ರಸ್ತೆ, ನೀರಾವರಿ, ವಿದ್ಯುತ್ ಕಾಮಗಾರಿ ನಿಲ್ಲುತ್ತವೆ, ಗುತ್ತಿಗೆದಾರರ ಬಿಲ್ ಬಾಕಿ ಬೆಳೆಯುತ್ತದೆ. ಬೆಳವಣಿಗೆ ಶೇ 4ಕ್ಕೆ ಇಳಿಯಿತೆಂದರೆ ಆದಾಯ ಹೆಚ್ಚಿರಬೇಕಾದ ಆ ಪ್ರಮಾಣ 2.7ರಿಂದ 4.6ಕ್ಕೆ ಏರುತ್ತದೆ. ಇನ್ನಷ್ಟು ಕಡಿತ, ಇನ್ನಷ್ಟು ಕುಸಿತ. ಈ ಸುಳಿಗೆ ಸಿಕ್ಕ ಮೇಲೆ ಮಿತವ್ಯಯವೊಂದರಿಂದಲೇ ಹೊರಬರುವುದು ಅಸಾಧ್ಯವೆಂದೇ ನನ್ನ ಅಭಿಪ್ರಾಯ. ಸಾಲವನ್ನೇ ಮರುಹೊಂದಿಸಬೇಕು, ಅಂದರೆ ಕೊಟ್ಟವರೊಂದಿಗೆ ಮಾತಾಡಿ ಅಸಲು, ಬಡ್ಡಿ, ಅವಧಿ ಬದಲಿಸಿಕೊಳ್ಳಬೇಕು.

ಶ್ರೀಲಂಕಾದಲ್ಲಿ 2019ರ ಕೊನೆಗೆ ವ್ಯಾಟ್ ಶೇ 15ರಿಂದ 8ಕ್ಕೆ ಇಳಿಯಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಂತಿತು. ಮೀಸಲು ಕರಗುತ್ತಿದ್ದರೂ 2022ರ ಜನವರಿಯಲ್ಲಿ 50 ಕೋಟಿ ಡಾಲರ್ ಬಾಂಡ್ ಪೂರ್ತಿ ತೀರಿಸಿ, ಏಪ್ರಿಲ್‌ನಲ್ಲಿ ವಿದೇಶಿ ಸಾಲ ಪಾವತಿ ನಿಲ್ಲಿಸಲಾಯಿತು. ಆ ಡಾಲರ್‌ಗಳು ಇಂಧನ, ಔಷಧಿಗೆ ಉಳಿಯಬೇಕಿತ್ತು.

ಪಾವತಿ ನಿಲ್ಲಿಸಿದ ಮೇಲೂ ದಾರಿ ದೂರ. ಜಾಂಬಿಯಾ 2020ರ ನವೆಂಬರ್‌ನಲ್ಲಿ ಕಂತು ತಪ್ಪಿಸಿತು. ಸಾಲ ಕೊಟ್ಟ ಸರ್ಕಾರಗಳೊಂದಿಗೆ ತತ್ವತಃ ಒಪ್ಪಂದವಾದದ್ದು 2023ರ ಜೂನ್‌ನಲ್ಲಿ, ಬಾಂಡ್‌ದಾರರೊಂದಿಗೆ ವ್ಯವಹಾರ ಮುಗಿದದ್ದು 2024ರಲ್ಲಿ. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಹಣ ಬಿಡುಗಡೆ ಮಾಡಲು ಸಾಲ ಕೊಟ್ಟ ಸರ್ಕಾರಗಳ ಭರವಸೆ ಕೇಳುತ್ತದೆ. ಸಾಲ ಕೊಟ್ಟ, ಬಹುತೇಕ ಶ್ರೀಮಂತ ದೇಶಗಳ ಕೂಟವಾದ ಪ್ಯಾರಿಸ್ ಕ್ಲಬ್, ಚೀನಾದ ಸರ್ಕಾರಿ ಬ್ಯಾಂಕುಗಳು, ಬಾಂಡ್‌ದಾರರು ‘ಅವರಿಗಿಂತ ನಮಗೆ ಹೆಚ್ಚು ನಷ್ಟವಾಗಬಾರದು’ ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ಕೂರುತ್ತಾರೆ. ಸಾರ್ವಜನಿಕ ಉದ್ದಿಮೆಗಳಿಗೆ ಕೊಟ್ಟ ಖಾತರಿ, ಒತ್ತೆಯಿಟ್ಟು ತಂದ ಸಾಲ ಸೇರಿದಂತೆ ಪಟ್ಟಿ ಮೊದಲೇ ಸಿದ್ಧವಿಲ್ಲದಿದ್ದರೆ ಮೊತ್ತ ತಾಳೆ ಹಾಕುವುದರಲ್ಲೇ ತಿಂಗಳುಗಳು ಹೋಗುತ್ತವೆ.

ದೇಶೀ ಸಾಲಕ್ಕೆ ಕೈಹಾಕುವುದು ಇನ್ನೂ ಸೂಕ್ಷ್ಮ. ಘಾನಾದಲ್ಲಿ ದೇಶೀ ಬಾಂಡ್‌ಗಳನ್ನು ಕಡಿಮೆ ಬಡ್ಡಿಯ, ದೀರ್ಘಾವಧಿಯ ಬಾಂಡ್‌ಗಳಿಗೆ ಬದಲಿಸಿದಾಗ ನಷ್ಟ ಬ್ಯಾಂಕುಗಳ ಬಂಡವಾಳವನ್ನೇ ತಿಂದಿತು. ಶ್ರೀಲಂಕಾ 2023ರಲ್ಲಿ ಬ್ಯಾಂಕುಗಳನ್ನು ಬಹುಮಟ್ಟಿಗೆ ಕಾಪಾಡಿತು. ಹೊರೆ ಬಿದ್ದದ್ದು ಭವಿಷ್ಯನಿಧಿಗಳ ಮೇಲೆ, ಅಂದರೆ ದುಡಿಯುವವರ ಉಳಿತಾಯದ ಮೇಲೆ. ಇದು ನ್ಯಾಯವೆನ್ನಲು ನನಗೆ ಮನಸ್ಸಿಲ್ಲ.

ಒಪ್ಪಂದದ ಕರಡಿನಲ್ಲಿ ಎರಡನ್ನು ಗಮನಿಸಬೇಕು. ಅಸಲು ಕಡಿಯದೆ ಅವಧಿ ಮಾತ್ರ ವಿಸ್ತರಿಸಿದರೆ ಕೆಲವೇ ವರ್ಷಗಳಲ್ಲಿ ಮತ್ತೆ ಅದೇ ಬಾಗಿಲು ತಟ್ಟಬೇಕಾಗಬಹುದು. ಜಿಡಿಪಿ ಏರಿದರೆ ಹೆಚ್ಚು ಕೊಡುವ ಷರತ್ತಿದ್ದರೆ, ಅಳತೆ ಡಾಲರ್ ಲೆಕ್ಕದ ಜಿಡಿಪಿಯೊಂದೇ ಆಗದಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಉತ್ಪಾದನೆ ಹೆಚ್ಚದೆ ದೇಶದ ಕರೆನ್ಸಿ ಬಲಗೊಂಡಾಗಲೂ ಪಾವತಿ ಏರುತ್ತದೆ. ಹಾಗಾಗಿ ಬೆಲೆ ಏರಿಕೆ ಕಳೆದ ನೈಜ ಬೆಳವಣಿಗೆಯ ಕನಿಷ್ಠ ಮಟ್ಟವನ್ನೂ ಜೊತೆಗೆ ಬರೆಸಬೇಕು.